ಗೌರಿ ಹೂವಿನ ಬಳ್ಳಿ: ಕೊಂಡ ಗೆಡ್ಡೆಯೋ, ಬೇಲಿಯ ಬೀಜವೋ?

ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳ ಮೇಲೆ ಕೆಂಪು ಹಳದಿಯಾಗಿ ಅರಳುವ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು, ತೀರ್ಥಹಳ್ಳಿಯ ನಮ್ಮ ಅಂಗಳದಲ್ಲಿ ಕೊಂಡ ಗೆಡ್ಡೆಯಿಂದಲೂ ಬೇಲಿಯಲ್ಲಿ ಆಯ್ದ ಬೀಜದಿಂದಲೂ ಬೆಳೆಸಿ ನೋಡಿದ್ದೇನೆ. ಇನ್ನು ಮುಂದೆ ಬೀಜವನ್ನಲ್ಲದೆ ಬೇರೇನನ್ನೂ ನಾನು ನೆಚ್ಚುವುದಿಲ್ಲ.

ಗೆಡ್ಡೆಯನ್ನು ಜೂನ್‌ನಲ್ಲಿ ನೆಟ್ಟರೆ ಅದೇ ಮಳೆಗಾಲದಲ್ಲಿ ಹೂ ನೋಡಬಹುದು. ಆ ಆಸೆಯಿಂದಲೇ 480 ರೂಪಾಯಿ ಕೊಟ್ಟು ನಾಲ್ಕು ಗೆಡ್ಡೆಗಳನ್ನು ಅಂಚೆಯಲ್ಲಿ ತರಿಸಿದೆ. ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎನಿಸಿಕೊಂಡ ಈ ಗಿಡದ ಗೆಡ್ಡೆಗೆ ಆಲೂಗೆಡ್ಡೆಯ ಹಾಗೆ ಮೈತುಂಬ ಕಣ್ಣುಗಳಿರುವುದಿಲ್ಲ. ಕವಲಿನ ತುದಿಗೆ ಒಂದೇ ಮೊಳಕೆ, ಅದೂ ಬೆರಳು ತಾಗಿದರೆ ಮುರಿಯುವಷ್ಟು ಎಳಸು. ಅದು ಮುರಿದರೆ ಉಳಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ.

ನನಗೆ ಬಂದ ನಾಲ್ಕರಲ್ಲಿ ಮೂರಕ್ಕೆ ತುದಿಯೇ ಇರಲಿಲ್ಲ. ಮುರಿದ ಜಾಗ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರಿಂದ ಅದು ಗೆಡ್ಡೆಯ ಸಹಜ ರೂಪವೆಂದೇ ನಂಬಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಅಡಿಕೆ ದಬ್ಬೆಯ ಚಪ್ಪರವನ್ನೂ ಕಟ್ಟಿಸಿ, ಎಂಟು ವಾರ ಕಾದೆ. ಕೊನೆಗೆ ಅಗೆದಾಗ ಮೂರೂ ಬೆರಳಿಗೆ ಅಂಟುವಂತೆ ಕೊಳೆತಿದ್ದವು. ಮಾರಿದವರನ್ನು ಕೇಳಿದರೆ ನೀರು ಹೆಚ್ಚಾಗಿರಬೇಕು ಎಂದರು. ತುದಿ ಉಳಿದಿದ್ದ ನಾಲ್ಕನೆಯದು ಅದೇ ಮಣ್ಣಿನಲ್ಲಿ, ಅದೇ ಮಳೆಯಲ್ಲಿ ಆಳೆತ್ತರಕ್ಕೆ ಹಬ್ಬಿ ಹೂ ಬಿಟ್ಟಿತ್ತು.

ಬೀಜಕ್ಕೆ ನಾನು ಕಾಸು ಕೊಟ್ಟಿಲ್ಲ. ಚಳಿಗಾಲದಲ್ಲಿ ಒಣಗಿ ಬಿರಿದ ಕಾಯಿಯಿಂದ ಕೆಂಪು ಬೀಜಗಳನ್ನು ತಂದು, ಮಳೆ ಹಿಡಿಯುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಕುಂಡದಲ್ಲಿ ಬಿತ್ತಿದೆ. ಕೆಲವು ಬೀಜಗಳು ಒಂದು ತಿಂಗಳೊಳಗೆ ಮೊಳೆತವು, ಕೆಲವು ಮೂರು ತಿಂಗಳು ತೆಗೆದುಕೊಂಡವು. ಮೊದಲ ವರ್ಷ ನಾಲ್ಕೈದು ಎಲೆ ಬಂದು ಚಳಿಗಾಲದಲ್ಲಿ ಅವೂ ಒಣಗಿದಾಗ ಗಿಡ ಸತ್ತಿತೆಂದು ಕುಂಡವನ್ನು ಖಾಲಿ ಮಾಡಬಾರದು. ಮಣ್ಣಿನೊಳಗೆ ಕಡಲೆಕಾಯಿ ಗಾತ್ರದ ಗೆಡ್ಡೆ ಮಲಗಿರುತ್ತದೆ.

ಮೂರನೆಯ ಮಳೆಗಾಲದಲ್ಲಿ, ಎಲೆಯ ತುದಿಗಳೇ ಕುಡಿಬಳ್ಳಿಯಂತೆ ದಬ್ಬೆಗೆ ಸುತ್ತಿಕೊಂಡು, ಮೊದಲ ಹೂ ಬಂದಿತು: ಹಸುರಾಗಿ ಬಿರಿದು, ಹಳದಿಗೆ ತಿರುಗಿ, ದಿನ ಕಳೆದಂತೆ ಪೂರ್ತಿ ಕೆಂಪಾಯಿತು.

ವಿಷದ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಗಿಡದ ಎಲ್ಲ ಭಾಗಗಳಲ್ಲೂ, ಗೆಡ್ಡೆಯಲ್ಲಂತೂ ಪ್ರಾಣಕ್ಕೇ ಎರವಾಗುವಷ್ಟು, ಕಾಲ್ಚಿಸಿನ್ ಎಂಬ ವಿಷ ಇರುತ್ತದೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ಆದ್ದರಿಂದ ಕೊಂಡ ಗೆಡ್ಡೆಯನ್ನು ಒಂದು ದಿನದ ಮಟ್ಟಿಗೂ ಅಡುಗೆಮನೆಯಲ್ಲಿ ಇಡಬೇಡಿ.

ವರ್ಷಗಟ್ಟಲೆ ಕಾಯುವುದು ನನಗೆ ಅಭ್ಯಾಸ, ಗಿಡಕ್ಕೆ ಸುರಿಯಲು ಹಣವಿಲ್ಲ. ಈ ವರ್ಷವೇ ಹೂ ಬೇಕೆನ್ನುವವರು ಅಂಚೆಯನ್ನು ನಂಬದೆ, ಹತ್ತಿರದ ನರ್ಸರಿಗೆ ಹೋಗಿ, ಪ್ರತಿ ಗೆಡ್ಡೆಯ ತುದಿಯನ್ನೂ ಕಣ್ಣಾರೆ ನೋಡಿ ಕೊಳ್ಳಿ.