ಟೈಲ್‌ವಿಂಡ್ ಸಿಎಸ್‌ಎಸ್: ಕನ್ನಡ ಜಾಲತಾಣಕ್ಕೆ ಬಳಸಿ ಕಂಡದ್ದು

ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಒಂದು ಕಡತದಲ್ಲಿ, ಅದರ ವಿನ್ಯಾಸವನ್ನು ಹೇಳುವ ಸಿಎಸ್‌ಎಸ್ ಇನ್ನೊಂದರಲ್ಲಿ ಇರಬೇಕೆಂಬ ಪಾಠ ಕಲಿತೇ ಈ ಕೆಲಸಕ್ಕೆ ಬಂದವನು ನಾನು. ಹಾಗಾಗಿ 2017ರಲ್ಲಿ ಆಡಮ್ ವಾದನ್ ಮತ್ತು ಸಂಗಡಿಗರು ಹೊರತಂದ, ಸಿಎಸ್‌ಎಸ್ ಬರೆಯುವ ಸಲಕರಣೆಯಾದ ಟೈಲ್‌ವಿಂಡ್‌ನ ಮಾದರಿ ಪುಟವನ್ನು ಮೊದಲು ನೋಡಿದಾಗ, ಒಂದೊಂದು ಟ್ಯಾಗಿಗೂ ಹತ್ತು ಹದಿನೈದು ಕ್ಲಾಸುಗಳನ್ನು (ಒಂದೊಂದು ವಿನ್ಯಾಸ ಗುಣಕ್ಕೆ ಇಟ್ಟ ಹೆಸರುಗಳನ್ನು) ಪೋಣಿಸಿದ್ದು ಕಂಡು, ಇದನ್ನು ಓದುವುದಾದರೂ ಹೇಗೆ ಎನಿಸಿತ್ತು. ಕನ್ನಡ ಲೇಖನಗಳ ತಾಣವೊಂದನ್ನು ಇದರಲ್ಲೇ ಕಟ್ಟಿ ಒಂದು ವರ್ಷ ನಿರ್ವಹಿಸಿದ ಮೇಲೆ ಆ ಅಭಿಪ್ರಾಯದ ಬಹುಪಾಲನ್ನು ಬದಲಿಸಿಕೊಂಡಿದ್ದೇನೆ.

ಟ್ಯಾಗಿನ ಸ್ಟೈಲ್ ಆಟ್ರಿಬ್ಯೂಟಿನಲ್ಲಿ ವಿನ್ಯಾಸವನ್ನು ನೇರವಾಗಿ ಬರೆಯುವ ಇನ್‌ಲೈನ್ ಕೋಡಿನಂತೆಯೇ ಇದು ಕಂಡರೂ, ಅದಕ್ಕೆ ಇದನ್ನು ಹೋಲಿಸುವುದು ಸರಿಯಲ್ಲ. ಇನ್‌ಲೈನ್ ಕೋಡಿನಲ್ಲಿ, ಪರದೆಯ ಅಳತೆಗೆ ತಕ್ಕಂತೆ ವಿನ್ಯಾಸ ಬದಲಿಸುವ ಮೀಡಿಯಾ ಕ್ವೆರಿ ಬರೆಯಲಾಗದು, ಮೌಸ್ ಮೇಲೆ ಬಂದಾಗಿನ ಹೋವರ್ ಸ್ಥಿತಿಯನ್ನು ಹೇಳಲಾಗದು. ಯಾವ ಕೋಡಿಗೆ ಅನುಮತಿಯಿದೆಯೆಂದು ತಾಣ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಬಿಗಿಯಾಗಿದ್ದರೆ ಬ್ರೌಸರು ಅದನ್ನು ತಡೆದೇಬಿಡುತ್ತದೆ. ಟೈಲ್‌ವಿಂಡ್‌ನಲ್ಲಿ ನಾವು ಟ್ಯಾಗಿನೊಳಗೆ ಬರೆದರೂ, ಬಿಲ್ಡ್ ಮಾಡುವಾಗ, ಅಂದರೆ ತಾಣವನ್ನು ಪ್ರಕಟಣೆಗೆ ಸಿದ್ಧಪಡಿಸುವಾಗ, ಅದು ನಮ್ಮ ಕಡತಗಳನ್ನು ಓದಿ, ಬಳಸಿದ ಕ್ಲಾಸುಗಳಿಗೆ ಮಾತ್ರ ನಿಯಮಗಳನ್ನು ರಚಿಸಿ, ಪ್ರತ್ಯೇಕ ಸಿಎಸ್‌ಎಸ್ ಕಡತವನ್ನೇ ಕೊಡುತ್ತದೆ. ಕಡತಗಳನ್ನು ಬರಿಯ ಪಠ್ಯವಾಗಿ ಓದುವುದರಿಂದ, ಕ್ಲಾಸಿನ ಹೆಸರನ್ನು ಜಾವಾಸ್ಕ್ರಿಪ್ಟಿನಲ್ಲಿ ತುಂಡು ತುಂಡಾಗಿ ಜೋಡಿಸಿದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ.

ನನಗೆ ನಿಜವಾದ ನೆಮ್ಮದಿ ಸಿಕ್ಕಿದ್ದು ಅಳಿಸುವ ಕೆಲಸದಲ್ಲಿ. ಹಿಂದಿನ ತಾಣಗಳಲ್ಲಿ ಸಿಎಸ್‌ಎಸ್‌ನ ಒಂದು ನಿಯಮವನ್ನು ತೆಗೆಯಬೇಕಾದರೂ ಯಾವ ಪುಟ ಕೆಡುತ್ತದೋ ಎಂಬ ಅಂಜಿಕೆ ಇರುತ್ತಿತ್ತು, ಆದ್ದರಿಂದ ಕಡತ ಬೆಳೆಯುತ್ತಲೇ ಹೋಗುತ್ತಿತ್ತು. ಇಲ್ಲಿ ಒಂದು ಭಾಗವನ್ನು ತೆಗೆದರೆ ಅದರ ವಿನ್ಯಾಸವೂ ಅದರೊಂದಿಗೇ ಹೋಗುತ್ತದೆ.

ಆದರೆ ಕನ್ನಡಕ್ಕೆ ಬಂದಾಗ ಇದರ ಮೂಲ ಅಳತೆಗಳು ಸಾಲುವುದಿಲ್ಲ. ಟೆಕ್ಸ್ಟ್-5ಎಕ್ಸ್‌ಎಲ್ ಎಂಬ ಕ್ಲಾಸು 3 ರೆಮ್ (ಪುಟದ ಮೂಲ ಅಕ್ಷರ ಗಾತ್ರದ ಮೂರು ಪಟ್ಟು) ಗಾತ್ರದ ಅಕ್ಷರಕ್ಕೆ ಅಷ್ಟೇ ಎತ್ತರದ ಸಾಲನ್ನು ಕೊಡುತ್ತದೆ. ಲ್ಯಾಟಿನ್ ಲಿಪಿಗೆ ಅದು ಸಾಕು. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯುತ್ತವೆ. ಎರಡು ಸಾಲಿನ ಶೀರ್ಷಿಕೆಯೊಂದರಲ್ಲಿ ‘ಸ್ವಾತಂತ್ರ್ಯ’ದ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಗಿ, ಎರಡನ್ನೂ ಓದುವುದು ಕಷ್ಟವಾಯಿತು. ಮೊದಲು ಪ್ರತಿ ಶೀರ್ಷಿಕೆಯ ಟ್ಯಾಗಿನಲ್ಲೂ ಸಾಲಿನ ಎತ್ತರದ ಕ್ಲಾಸು ಸೇರಿಸಿದೆ, ಕೆಲವು ಪುಟಗಳು ತಪ್ಪಿಹೋದವು. ಲಿಪಿಯ ಗುಣ ಇಡೀ ತಾಣಕ್ಕೆ ಸೇರಿದ್ದು, ಅದನ್ನು ಒಂದೊಂದು ಟ್ಯಾಗಿನಲ್ಲೂ ಮತ್ತೆ ಮತ್ತೆ ಬರೆಯುವುದೇ ತಪ್ಪು. 2025ರ ಜನವರಿಯಲ್ಲಿ ಬಂದ 4ನೇ ಆವೃತ್ತಿ, ಇಂಥ ಅಳತೆಗಳನ್ನು ಸಿಎಸ್‌ಎಸ್ ಕಡತದಲ್ಲೇ ಥೀಮ್ ಆಗಿ, ಅಂದರೆ ಇಡೀ ತಾಣಕ್ಕೆ ಅನ್ವಯಿಸುವಂತೆ ಒಂದೇ ಕಡೆ, ಬರೆಯಲು ಅವಕಾಶ ಕೊಟ್ಟಿದೆ. ಅಲ್ಲಿ ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.4 ಪಟ್ಟಿಗೆ ಬದಲಿಸಿದ ಮೇಲೆ ಎಲ್ಲ ಶೀರ್ಷಿಕೆಗಳೂ ಸರಿಹೋದವು, ಟ್ಯಾಗುಗಳೂ ಹಗುರಾದವು.

ಹೊಸದಾಗಿ ತಾಣ ಕಟ್ಟುವವರಿಗೆ ಈ 4ನೇ ಆವೃತ್ತಿಯನ್ನೇ ಶಿಫಾರಸು ಮಾಡುತ್ತೇನೆ. ಆದರೆ ಅದಕ್ಕೆ ಸಫಾರಿ 16.4, ಕ್ರೋಮ್ 111, ಫೈರ್‌ಫಾಕ್ಸ್ 128 ಅಥವಾ ಅವುಗಳಿಗಿಂತ ಹೊಸ ಬ್ರೌಸರು ಬೇಕು. ನಿಮ್ಮ ಓದುಗರಲ್ಲಿ ಹಳೆಯ ಫೋನು ಬಳಸುವವರು ಹೆಚ್ಚಿದ್ದರೆ ಸದ್ಯಕ್ಕೆ 3ನೇ ಆವೃತ್ತಿಯಲ್ಲೇ ಉಳಿಯುವುದು ಒಳ್ಳೆಯದು.