ಸಂಬಳ ಏರಿದರೂ ನಿದ್ದೆ ಬಾರದವರಿಗೆ: ಹತ್ತು ದಿನದ ವಿಪಶ್ಯನ ಶಿಬಿರ ಹೇಗಿದೆ?

ಸಾಲದ ಕಂತು ಕಟ್ಟಲಾಗದೆ ನಿದ್ದೆ ಕೆಟ್ಟಿದ್ದರೆ, ಮೌನವಾಗಿ ಕೂತು ಧ್ಯಾನ ಕಲಿಯುವ ಈ ಶಿಬಿರ ನಿಮಗಲ್ಲ. ಆ ಸಂಕಟಕ್ಕೆ ಬೇಕಿರುವುದು ದುಡ್ಡು, ಖರ್ಚಿನ ಲೆಕ್ಕ, ಬ್ಯಾಂಕಿನವರ ಜೊತೆ ಎದುರಾಎದುರು ಮಾತು. ಕಂತು ಸರಿಯಾಗಿ ಹೋಗುತ್ತಿದೆ, ಸಂಬಳ ಏರಿದೆ, ಹುದ್ದೆಯ ಹೆಸರಿಗೆ ‘ಸೀನಿಯರ್’ ಅಂಟಿಕೊಂಡಿದೆ, ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಜೊತೆಗೆ ಓದಿದವನ ಮನೆಯ ಬೆಲೆ ಎಷ್ಟಿರಬಹುದು ಎಂದು ತಲೆಯಲ್ಲೇ ಗುಣಿಸುತ್ತಿದ್ದೀರಿ ಅನ್ನುವುದಾದರೆ ಮುಂದೆ ಓದಿ. ಇದು ಅಂಥವರಿಗೆ.

ಹೀಗೆ ಎರಡು ಗುಂಪು ಮಾಡಲು ಕಾರಣವಿದೆ. ಆದಾಯಕ್ಕೂ ನೆಮ್ಮದಿಗೂ ಏನು ನಂಟು ಎಂಬ ಬಗ್ಗೆ ಅಮೆರಿಕದಲ್ಲಿ ಒಂದು ದೊಡ್ಡ ವಾದ ನಡೆದಿತ್ತು. ಸಂಶೋಧಕರಾದ ಡೇನಿಯಲ್ ಕಾನ್‌ಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ, ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಹೆಚ್ಚುವುದಿಲ್ಲ ಎಂದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್, ಇಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದರು. 2023ರಲ್ಲಿ ಕಾನ್‌ಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಜೊತೆ ಒಟ್ಟಿಗೆ ಕೂತು ಅಂಕಿಅಂಶ ಮತ್ತೆ ನೋಡಿದಾಗ ಸಿಕ್ಕ ಉತ್ತರ ಇಬ್ಬರದ್ದಕ್ಕಿಂತ ಹೆಚ್ಚು ಉಪಯುಕ್ತ. ಹೆಚ್ಚಿನವರಲ್ಲಿ ಆದಾಯದ ಜೊತೆ ಸಂತೋಷವೂ ಏರುತ್ತದೆ. ಆದರೆ ಎಲ್ಲರಿಗಿಂತ ದುಃಖದಲ್ಲಿರುವ ಐದನೇ ಒಂದು ಪಾಲು ಜನರಲ್ಲಿ ಸುಮಾರು 1 ಲಕ್ಷ ಡಾಲರ್‌ವರೆಗೆ ಏರಿ ನಿಂತುಬಿಡುತ್ತದೆ. ಡಾಲರನ್ನು ರೂಪಾಯಿಗೆ ತಿರುಗಿಸಿ ನಮ್ಮ ಊರಿಗೆ ಹಚ್ಚುವುದರಲ್ಲಿ ಅರ್ಥವಿಲ್ಲ. ಹಿಡಿಯಬೇಕಾದ ಮಾತು ಬೇರೆ. ದುಡ್ಡಿನಿಂದ ತೀರುವ ದುಃಖ ಒಂದು ಹಂತಕ್ಕೆ ತೀರಿರುತ್ತದೆ. ಆಮೇಲೂ ಉಳಿದದ್ದನ್ನು ಇನ್ನೊಂದು ಇಂಕ್ರಿಮೆಂಟ್ ಮುಟ್ಟುವುದಿಲ್ಲ. ಈ ಶಿಬಿರ ಕೈ ಹಾಕುವುದು ಆ ಉಳಿದದ್ದಕ್ಕೆ.

ಈ ಧ್ಯಾನವನ್ನು ಬರ್ಮಾದಿಂದ ಭಾರತಕ್ಕೆ ತಂದ ಎಸ್. ಎನ್. ಗೋಯೆಂಕಾ ಸ್ವತಃ ಆ ಉಳಿದ ದುಃಖದ ಗಿರಾಕಿ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಮಾರವಾಡಿ ಮನೆತನದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ರಂಗೂನಿನ ದೊಡ್ಡ ಉದ್ಯಮಿಯಾದವರು. ಜೊತೆಗೇ ಬಂದದ್ದು ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾದಷ್ಟು ಉಗ್ರ ಅರೆತಲೆನೋವು. ದೇಶದೇಶದ ವೈದ್ಯರ ಬಳಿ ಹೋದರೂ ವಾಸಿಯಾಗಲಿಲ್ಲ. 1955ರಲ್ಲಿ ವಿಪಶ್ಯನ ಕಲಿಸುತ್ತಿದ್ದ ಗುರು ಸಯಾಜಿ ಊ ಬಾ ಖಿನ್ ಬಳಿ ಹೋಗಿ ತಲೆನೋವು ಗುಣವಾಗಬೇಕು ಎಂದಾಗ, ಅದಕ್ಕಾಗಿ ಬರುವುದಾದರೆ ಬೇಡ ಎಂಬ ಉತ್ತರ ಸಿಕ್ಕಿತು. ಊ ಬಾ ಖಿನ್ ಮಠದವರಲ್ಲ, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ಹೆಂಡತಿ ಮಕ್ಕಳಿದ್ದ ಸರ್ಕಾರಿ ಅಧಿಕಾರಿ, ತಮ್ಮ ಕಚೇರಿಯ ನೌಕರರಿಗೂ ಧ್ಯಾನ ಕಲಿಸಿದವರು. ದುಡ್ಡು, ನೆಮ್ಮದಿಯ ಮಾತು ನಮ್ಮಲ್ಲಿ ಬಂದೊಡನೆ ನೆನಪಾಗುವುದು ನವಕೋಟಿ ನಾರಾಯಣನೆನಿಸಿಕೊಂಡಿದ್ದ ಶ್ರೀನಿವಾಸ ನಾಯಕ ಎಲ್ಲವನ್ನೂ ದಾನ ಮಾಡಿ ಪುರಂದರದಾಸನಾದ ಕಥೆ. ಕೋಟಿ ಇಲ್ಲವೇ ತಂಬೂರಿ, ಎರಡರಲ್ಲೊಂದು. ಈ ಪರಂಪರೆ ಹಾಗೆ ಕೇಳುವುದಿಲ್ಲ. ಗೋಯೆಂಕಾ ಕಲಿತ ಮೇಲೂ ವ್ಯಾಪಾರ ಮಾಡಿದರು. 1962ರ ಸೇನಾ ಆಡಳಿತದ ನಂತರ ರಾಷ್ಟ್ರೀಕರಣದಲ್ಲಿ ಉದ್ಯಮ ಕೈಬಿಟ್ಟಿತು. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಕೆಲಸ ಬಿಡಬೇಕೇ ಎಂಬ ಪ್ರಶ್ನೆ ಹೊತ್ತು ಹೋಗುವವರಿಗೆ ಈ ಇತಿಹಾಸ ಗೊತ್ತಿರಲಿ. ಶಿಬಿರ ಯಾರನ್ನೂ ರಾಜೀನಾಮೆಗೆ ದೂಡುವುದಿಲ್ಲ.

ಈಗ ವಿವರ. ಬೆಂಗಳೂರಿನ ಕೇಂದ್ರ ಧಮ್ಮ ಪಫುಲ್ಲ, ತುಮಕೂರು ರಸ್ತೆಯ ದಾಸನಪುರ ಹೋಬಳಿಯ ಆಲೂರಿನಲ್ಲಿದೆ. ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಇದೆ, ಅಲ್ಲಿಂದ ಮುಂದೆ ಬಸ್ಸು ಅಥವಾ ಆಟೊ. ಅರ್ಜಿ ಆನ್‌ಲೈನ್‌ನಲ್ಲೇ. ಗಂಡಸರಿಗೂ ಹೆಂಗಸರಿಗೂ ಸೀಟು ಬೇರೆ ಬೇರೆ, ಬೇಗ ತುಂಬುತ್ತವೆ. ಸೀಟು ಸಿಕ್ಕಿತೆಂದು ಸುಮ್ಮನಾಗಬೇಡಿ. ಶಿಬಿರ ಹತ್ತಿರ ಬಂದಾಗ ‘ಬರುತ್ತೀರಾ’ ಎಂದು ಕೇಳಿ ಬರುವ ಸಂದೇಶಕ್ಕೆ ಉತ್ತರಿಸದಿದ್ದರೆ ಜಾಗ ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗಬಹುದು. ಹತ್ತು ದಿನ ಎಂಬ ಹೆಸರು ನಂಬಿ ಹತ್ತೇ ದಿನ ರಜೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಸೇರುವ ಸಂಜೆ ಮತ್ತು ಹೊರಡುವ ಬೆಳಿಗ್ಗೆ ಸೇರಿದರೆ 12 ದಿನ. ಬುಧವಾರ ಶುರುವಾಗಿ ಮರುವಾರದ ಭಾನುವಾರ ಮುಗಿಯುವ ಶಿಬಿರ ಸಿಕ್ಕರೆ, ಶನಿವಾರ ಭಾನುವಾರ ಬಿಡುವಿರುವವರಿಗೆ 8 ರಜೆ ಸಾಕು.

ಶುಲ್ಕ ಇಲ್ಲ. ಊಟ, ವಸತಿ, ಪಾಠ ಎಲ್ಲವೂ ಹಳೆಯ ವಿದ್ಯಾರ್ಥಿಗಳ ದಾನದಿಂದ ನಡೆಯುತ್ತದೆ. ಕನಿಷ್ಠ ಒಂದು ಶಿಬಿರ ಪೂರ್ತಿ ಮಾಡದವರಿಂದ ದಾನ ತೆಗೆದುಕೊಳ್ಳುವುದಿಲ್ಲ. ಕಲಿಸುವವರಿಗೆ, ಬಡಿಸುವವರಿಗೆ ಸಂಬಳವಿಲ್ಲ. ದುಡ್ಡಿರುವವರಿಗೆ ಇದೇ ಮೊದಲ ಪಾಠ: ಹೆಚ್ಚು ಕೊಟ್ಟು ಒಳ್ಳೆಯ ಕೋಣೆ ಪಡೆಯುವ ದಾರಿಯೇ ಇಲ್ಲ. 1994ರಲ್ಲಿ ತಿಹಾರ್ ಜೈಲಿನಲ್ಲಿ ಸುಮಾರು ಸಾವಿರ ಕೈದಿಗಳು ಕೂತದ್ದೂ ಇದೇ ಹತ್ತು ದಿನದ ಶಿಬಿರಕ್ಕೆ.

ಬೆಳಿಗ್ಗೆ 4ಕ್ಕೆ ಗಂಟೆ, 4:30ಕ್ಕೆ ಮೊದಲ ಕೂಟ, 6:30ಕ್ಕೆ ತಿಂಡಿ, 11ಕ್ಕೆ ಊಟ, ಸಂಜೆ 5ಕ್ಕೆ ಚಹಾ ಮತ್ತು ಹಣ್ಣು ಇಲ್ಲವೇ ಮಂಡಕ್ಕಿ, 7ಕ್ಕೆ ಪ್ರವಚನ, 9:30ಕ್ಕೆ ದೀಪ ಆರುತ್ತದೆ. ಕೂರುವ ಹೊತ್ತನ್ನು ಕೂಡಿದರೆ ದಿನಕ್ಕೆ 10 ಗಂಟೆ 45 ನಿಮಿಷ. ರಾತ್ರಿ ಊಟವಿಲ್ಲ. ಸಕ್ಕರೆ ಕಾಯಿಲೆಯವರು, ಹೊಟ್ಟೆಹುಣ್ಣಿನವರು ಅರ್ಜಿಯಲ್ಲೇ ಬರೆಯಬೇಕು, ಅಲ್ಲಿ ಹೋದ ಮೇಲೆ ಹೇಳಿದರಾಯಿತು ಎಂದಲ್ಲ. ಫೋನು, ಪುಸ್ತಕ, ಪೆನ್ನು ಮೊದಲ ಸಂಜೆಯೇ ಒಪ್ಪಿಸಬೇಕು. ಹತ್ತನೇ ದಿನ ಬೆಳಗಿನವರೆಗೆ ಮೌನ, ಕಣ್ಸನ್ನೆಯೂ ಇಲ್ಲ. ಆಚಾರ್ಯರನ್ನು, ವ್ಯವಸ್ಥಾಪಕರನ್ನು ಕೇಳಬಹುದು.

ಮೊದಲ ಮೂರು ದಿನ ಆನಾಪಾನ. ಉಸಿರನ್ನು ಹಿಡಿಯುವುದಿಲ್ಲ, ಎಣಿಸುವುದಿಲ್ಲ, ಮಂತ್ರ ಸೇರಿಸುವುದಿಲ್ಲ. ಬರುವುದನ್ನು ಹೋಗುವುದನ್ನು ನೋಡುವುದಷ್ಟೆ. ದಿನ ಕಳೆದಂತೆ ನೋಡುವ ಜಾಗ ಕಿರಿದಾಗುತ್ತ ಮೂರನೇ ದಿನಕ್ಕೆ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ, ಮೀಸೆಯ ಜಾಗವಷ್ಟೇ ಉಳಿಯುತ್ತದೆ. ಅಲ್ಲಿ ಒಂದು ನವೆ ಹುಟ್ಟುತ್ತದೆ. ಕೈ ತಾನಾಗಿ ಮೇಲೇಳುತ್ತದೆ. ತೊಡೆಯಿಂದ ನಾಲ್ಕು ಬೆರಳು ಎದ್ದದ್ದು ಗೊತ್ತಾಗಿ ನಿಂತರೆ, ನವೆ ಇನ್ನಷ್ಟು ಚುರುಗುಟ್ಟುತ್ತದೆ, ಸಾಸಿವೆ ಕಾಳಿನಷ್ಟಿದ್ದದ್ದು ಕಾಸಿನಗಲ ಆಗುತ್ತದೆ, ಈಗ ತಡೆಯಲಾರೆ ಅನ್ನಿಸುತ್ತದೆ, ಆಮೇಲೆ ಅಂಚಿನಿಂದ ಕರಗಲು ಶುರುವಾಗುತ್ತದೆ. ಕೆರೆಯದೆಯೇ ಹೋಯಿತು. ಇಡೀ ಶಿಬಿರದ ತಿರುಳು ಈ ಒಂದೆರಡು ನಿಮಿಷದಲ್ಲಿದೆ. ಷೇರಿನ ಆ್ಯಪ್ ತೆರೆಯಲು ಏಳುವ ಬೆರಳು, ಬೇರೆಯವರ ಪ್ರಮೋಷನ್ ಸುದ್ದಿ ಓದಿ ಎದೆಯೊಳಗೆ ಏಳುವ ಬಿಸಿ, ಎಲ್ಲಕ್ಕೂ ಯಂತ್ರ ಇದೇ: ಮೈಯಲ್ಲಿ ಒಂದು ಸಂವೇದನೆ, ಅದಕ್ಕೆ ಕೂಡಲೇ ‘ಬೇಕು’ ಇಲ್ಲವೇ ‘ಬೇಡ’. ಸಂಬಳ ಆ ಯಂತ್ರವನ್ನು ನಿಲ್ಲಿಸುವುದಿಲ್ಲ, ಕೆರೆಯಲು ಉದ್ದದ ಉಗುರು ಕೊಡುತ್ತದೆ.

ನಾಲ್ಕನೇ ದಿನ ಮಧ್ಯಾಹ್ನ ವಿಪಶ್ಯನ ಶುರು. ನೆತ್ತಿಯಿಂದ ಕಾಲ್ಬೆರಳವರೆಗೆ ಒಂದೊಂದೇ ಅಂಗ ಗಮನಿಸುತ್ತ ಇಳಿಯುವುದು. ಇಲ್ಲಿಂದ ದಿನಕ್ಕೆ ಮೂರು ಸಾಮೂಹಿಕ ಕೂಟ ‘ಅಧಿಷ್ಠಾನ’ದವು: ಒಂದು ಗಂಟೆ ಕೈ, ಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರುವ ಸಂಕಲ್ಪ. ಮಂಡಿ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಇಲ್ಲಿಯೇ. ಕುರ್ಚಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೂತ ಸೊಂಟ ಮುಂದಕ್ಕೆ ಬಾಗುವುದಿಲ್ಲ, ಅದರ ಭಾರ ಮಂಡಿಗೆ ಬೀಳುತ್ತದೆ. ಮಂಡಿ ನೆಲ ಮುಟ್ಟುವ ಎತ್ತರಕ್ಕೆ ದಿಂಬು ಬೇಕು. ಒಂದರ ಮೇಲೊಂದು ನಾಲ್ಕು ಮೆತ್ತನೆಯ ದಿಂಬು ಪೇರಿಸುವುದಕ್ಕಿಂತ ಗಟ್ಟಿಯಾದ ಒಂದೇ ದಿಂಬು ಮೇಲು. ಹೋಗುವ ಒಂದು ತಿಂಗಳ ಮುಂಚಿನಿಂದ ದಿನಕ್ಕೆ 20 ನಿಮಿಷ ನೆಲದ ಮೇಲೆ ಕೂತು ಊಟ ಮಾಡಿದರೂ ನೋವು ಕಡಿಮೆಯಾಗಬಹುದು. ಬೆನ್ನಿನ ತೊಂದರೆ ಇದ್ದವರು ಕುರ್ಚಿ ಕೇಳಿ.

ಕೆಲಸದಲ್ಲಿ ಮೇಲೆ ಬಂದವರು ಜಾರುವ ಜಾಗ ಮಂಡಿಯಲ್ಲ. ಆರೇಳನೇ ದಿನಕ್ಕೆ ಕೆಲವರಿಗೆ ಮೈತುಂಬ ತೆಳುವಾದ, ಹಿತವಾದ ಹರಿವು ಗೊತ್ತಾಗುತ್ತದೆ. ಕೂಡಲೇ ಅದೇ ಟಾರ್ಗೆಟ್ ಆಗಿಬಿಡುತ್ತದೆ. ನಿನ್ನೆ ಬಂತು, ಇವತ್ತು ಯಾಕೆ ಬರಲಿಲ್ಲ, ಪಕ್ಕದವನಿಗೆ ಬಂದಿರಬೇಕು, ಅವನು ಅಲುಗಾಡುತ್ತಿಲ್ಲ. ಹತ್ತು ವರ್ಷ ಅಪ್ರೈಸಲ್ ಬರೆದ ಮನಸ್ಸು ಇಲ್ಲೂ ಅಪ್ರೈಸಲ್ ಬರೆಯುತ್ತದೆ. ಊ ಬಾ ಖಿನ್ ತಲೆನೋವಿನ ಗಿರಾಕಿಯನ್ನು ಮೊದಲು ಒಪ್ಪದಿದ್ದದ್ದು ಇದಕ್ಕೇ. ಹಿತವಾದದ್ದು ಬರಲಿ, ಮಂಡಿನೋವು ಬರಲಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ನೋಡಿದ ದಿನವೇ ಅಭ್ಯಾಸ ನಡೆದ ದಿನ.

ಕೊರತೆಗಳನ್ನೂ ಹೇಳಬೇಕು. ಪ್ರವಚನಗಳು ದಶಕಗಳ ಹಿಂದಿನ ರೆಕಾರ್ಡಿಂಗ್. ಕೆಲವು ಉದಾಹರಣೆ ಹಳತಾಗಿವೆ. ಇದು ಯಾವ ಮತಕ್ಕೂ ಸೇರಿದ್ದಲ್ಲ ಎನ್ನುತ್ತಲೇ ಸಂಸ್ಕಾರ, ಪುನರ್ಜನ್ಮದ ಮಾತು ಬರುತ್ತದೆ. ಅದನ್ನು ನಂಬದೆಯೂ ಅಭ್ಯಾಸ ಮಾಡಬಹುದು. ಆಚಾರ್ಯರ ಜೊತೆ ಸಿಗುವುದು ಕೆಲವೇ ನಿಮಿಷ. ಎಲ್ಲಕ್ಕಿಂತ ದೊಡ್ಡ ಕೊರತೆ, ‘ಎಷ್ಟಿದ್ದರೆ ಸಾಕು’ ಎಂಬ ಪ್ರಶ್ನೆಗೆ ಇಲ್ಲಿ ಅಂಕಿ ಸಿಗುವುದಿಲ್ಲ. ಆ ಲೆಕ್ಕ ಹೋಗುವ ಮುಂಚೆಯೇ ಕಾಗದದಲ್ಲಿ ಮುಗಿಯಲಿ: ಮನೆಯ ತಿಂಗಳ ನಿಜವಾದ ಖರ್ಚು, ಆರು ತಿಂಗಳ ಖರ್ಚಿನಷ್ಟು ತುರ್ತು ಹಣ, ಅವಲಂಬಿತರಿದ್ದರೆ ಟರ್ಮ್ ವಿಮೆ, ಆರೋಗ್ಯ ವಿಮೆ. ಇವು ಇಲ್ಲದವನ ಆತಂಕ ಭ್ರಮೆಯಲ್ಲ, ಉಸಿರು ನೋಡಿದರೆ ಹೋಗುವುದೂ ಇಲ್ಲ. ಇವೆಲ್ಲ ಇದ್ದೂ ಹೋಗದ ಆತಂಕವನ್ನು ಮಾತ್ರ ಆಲೂರಿಗೆ ಒಯ್ಯಿರಿ.

ಇನ್ನೊಂದು ಎಚ್ಚರಿಕೆ ಗಂಭೀರವಾದದ್ದು. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರಿಗೆ ಇದು ಔಷಧಿಗೆ ಬದಲಿಯಲ್ಲ, ಅಪಾಯವೂ ಆಗಬಹುದು. ಅರ್ಜಿಯಲ್ಲಿ ಮುಚ್ಚಿಡಬಾರದು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಧ್ಯಾನ ಮಾಡುವವರಿಗೆ ಬರುವ ಭಯ, ನಿದ್ರಾಹೀನತೆಗಳನ್ನು ವಿವರವಾಗಿ ದಾಖಲಿಸಿದೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ಶಿಬಿರಕ್ಕೆ ಕಾಯಬೇಡಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹೊರಡುವ ಮುನ್ನ ಆ ಹನ್ನೆರಡು ದಿನದಲ್ಲಿ ಬೀಳುವ ಕಂತು, ಕ್ರೆಡಿಟ್ ಕಾರ್ಡ್ ಬಿಲ್ಲು ಮುಂಚೆಯೇ ಕಟ್ಟಿಬಿಡಿ. ಇಲ್ಲದಿದ್ದರೆ ಮೂರನೇ ದಿನ ಮೀಸೆಯ ಜಾಗದಲ್ಲಿ ಉಸಿರಿನ ಬದಲು ಬಿಲ್ಲೇ ಕಾಣುತ್ತದೆ. ಕೇಂದ್ರದ ಫೋನ್ ನಂಬರ್ ಮನೆಯ ಒಬ್ಬರಿಗೆ ಕೊಡಿ, ಕಚೇರಿಗೆ ಬೇಡ. ಕಷ್ಟವೆನ್ನಿಸುವುದು ಹೆಚ್ಚಾಗಿ ಎರಡನೇ ಮತ್ತು ಆರನೇ ದಿನ. ಎದ್ದು ಹೊರಡುವ ಯೋಚನೆ ಬಂದರೆ ಒಂದು ರಾತ್ರಿ ದಾಟಿಸಿ, ಆಚಾರ್ಯರನ್ನು ಕೇಳಿ, ಆಮೇಲೆ ನಿರ್ಧರಿಸಿ.

ಮನೆಗೆ ಬಂದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕು ಎನ್ನುತ್ತಾರೆ. ಮಕ್ಕಳಿರುವ ಮನೆಯಲ್ಲಿ, ಔಟರ್ ರಿಂಗ್ ರಸ್ತೆಯಲ್ಲಿ ಎರಡು ಗಂಟೆ ಕಳೆಯುವವರಿಗೆ ಇದು ಹೆಚ್ಚು ದಿನ ನಡೆಯುವುದಿಲ್ಲ, ಸಂಜೆಯದ್ದೇ ಮೊದಲು ತಪ್ಪುತ್ತದೆ. ಎರಡೂ ಬಿಟ್ಟುಹೋಗುವುದಕ್ಕಿಂತ ಬೆಳಗಿನದನ್ನು ಗಟ್ಟಿ ಹಿಡಿಯುವುದು ಒಳ್ಳೆಯದು. ಊರಿನಲ್ಲಿ ವಾರದ ಸಾಮೂಹಿಕ ಕೂಟ ಇದ್ದರೆ ಹೋಗಿ. ಮೊದಲ ಪರೀಕ್ಷೆ ಮಾತ್ರ ಮನೆ ಸೇರುವ ಮುಂಚೆಯೇ, ಫೋನು ಕೈಗೆ ಬಂದಾಗ. ಮನೆಗೆ ಒಂದು ಕರೆ ಮಾಡಿ ಮತ್ತೆ ಚೀಲಕ್ಕೆ ಹಾಕಿ. ಮಾದಾವರದವರೆಗಿನ ದಾರಿಯಲ್ಲಿ ಬೆರಳು ಎಷ್ಟು ಸಲ ಚೀಲದ ಜಿಪ್ಪಿಗೆ ಹೋಗುತ್ತದೆ ನೋಡುತ್ತಿರಿ. ಸೋಮವಾರ ಹನ್ನೊಂದು ಗಂಟೆಗೆ ಮುಂಚೆ ಯಾವ ಮೀಟಿಂಗನ್ನೂ ಇಟ್ಟುಕೊಳ್ಳಬೇಡಿ.