ನ್ಯಾಯ ಸಂಹಿತೆಯ ಕನ್ನಡ ಕೈಪಿಡಿ: 118ನೇ ಕಲಮಿನ ಮಟ್ಟಿಗೆ ಒಂದು ವಿಮರ್ಶೆ

ಸಾಮಾನ್ಯ ಓದುಗರಿಗೆಂದು ಸಿದ್ಧಪಡಿಸಿದ ಭಾರತೀಯ ನ್ಯಾಯ ಸಂಹಿತೆಯ ಈ ಕಿರು ಕೈಪಿಡಿಯನ್ನು ನಾನು ಮುಖ್ಯವಾಗಿ ಅಪಾಯಕಾರಿ ಆಯುಧಗಳ ಕುರಿತ 118ನೇ ಕಲಮಿಗಾಗಿ ಕೊಂಡೆ. 2024ರ ಜುಲೈ 1ರಂದು ಜಾರಿಗೆ ಬಂದ ಈ ಕಲಂ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 324 ಮತ್ತು 326ನೇ ಕಲಮುಗಳನ್ನು ಒಂದೆಡೆ ತಂದಿದೆ. ಗುಂಡು ಹಾರಿಸುವ, ಇರಿಯುವ, ಕತ್ತರಿಸುವ ಸಾಧನಗಳಷ್ಟೇ ಅಲ್ಲದೆ ಬೆಂಕಿ, ವಿಷ, ಸ್ಫೋಟಕ, ಪ್ರಾಣಿಗಳ ಮೂಲಕ ಮಾಡುವ ಗಾಯವೂ ಇದರೊಳಗೆ ಬರುತ್ತದೆ ಎಂಬುದನ್ನು ಕೈಪಿಡಿ ತಿಳಿಯಾಗಿ ವಿವರಿಸುತ್ತದೆ. ಸಾಮಾನ್ಯ ಗಾಯಕ್ಕೆ 3 ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ತೀವ್ರ ಗಾಯಕ್ಕೆ ಜೀವಾವಧಿ ಅಥವಾ 1ರಿಂದ 10 ವರ್ಷದ ಸೆರೆವಾಸ ಮತ್ತು ದಂಡ ಎಂಬ ಕೋಷ್ಟಕ ನಿಖರವಾಗಿದೆ.

ಆದರೆ ಅತಿ ಮುಖ್ಯವಾದ ಪ್ರಶ್ನೆಯನ್ನೇ ಪುಸ್ತಕ ಮುಟ್ಟುವುದಿಲ್ಲ. ಕಲ್ಲು ಅಪಾಯಕಾರಿ ಆಯುಧವೇ? ಅದು ಗಾತ್ರ, ಹರಿತ ಮತ್ತು ಪ್ರಕರಣದ ಸಂಗತಿಗಳನ್ನು ಅವಲಂಬಿಸುತ್ತದೆಂದು 2005ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಕಲ್ಲಿನ ಗಾತ್ರ ಸಾಬೀತಾಗದ ಕಾರಣ ಹಳೆಯ ಸಂಹಿತೆಯ 326ರ ಅಪರಾಧವನ್ನು (ಅಪಾಯಕಾರಿ ಆಯುಧದಿಂದ ತೀವ್ರ ಗಾಯ) 325ಕ್ಕೆ (ಅಂಥ ಆಯುಧವಿಲ್ಲದೆ ಮಾಡಿದ ತೀವ್ರ ಗಾಯ) ಇಳಿಸಿತು. ಹಾಗೆಯೇ, ಕೃಷಿಗೆಂದೇ ಮಾಡಿದ ಕುಡುಗೋಲು ಆಯುಧ ಕಾಯ್ದೆಯ ವ್ಯಾಖ್ಯೆಗೆ ಹೊರಗಿದ್ದರೂ ಅದರಿಂದ ಮಾಡಿದ ಹಲ್ಲೆಗೆ 118 ಅನ್ವಯಿಸುತ್ತದೆ. ಹಳ್ಳಿಯ ಓದುಗರಿಗೆ ತೀರಾ ಅಗತ್ಯವಾದ ಈ ವಿವರಣೆಯನ್ನು ಮುಂದಿನ ಮುದ್ರಣದಲ್ಲಾದರೂ ಪ್ರಕಾಶಕರು ಸೇರಿಸಬೇಕು.